ನಜಮಾ ಅಕ್ಕಾರ ಕೂಗು

ಬಸವನ ಬಾಗೇವಾಡಿಯ ಕಾಲೇಜೊಂದರವರು ನಜಮಾಳಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಕಳಿಸಿದರು. ನಮ್ಮ ಕಡೆ ಹೀಗೇ; ಸಾಕು ಹೋಗು ಎನ್ನಲು ಬಾಯಿ ಬರದಿದ್ದರೆ ಶಾಲು ತರುತ್ತಾರೆ. ಅಲ್ಲಿನ ಹುಡುಗಿಯರ ಕಬಡ್ಡಿ ತಂಡಕ್ಕೆ ವರ್ಷಗಟ್ಟಲೆ ಹಿಡಿತ ಕಲಿಸಿದವಳು ಅವಳು. ಈಗ ಆ ಜಾಗಕ್ಕೆ ಕೋಚಿಂಗ್ ಕೋರ್ಸು ಮುಗಿಸಿದ ಶ್ರೀವಲ್ಲಭ ಬಂದಿದ್ದ.

ನಜಮಾಳದು ಒಂದೇ ಪಾಠ: ತಡೆ, ಅಂದರೆ ಕಾದು ನಿಲ್ಲು. ರೇಡಿಗೆ ಬಂದವಳು ಒಳಗೆ ಬರಲಿ, ಕಾಲು ತಾನೇ ಕೊಡಲಿ, ಆಮೇಲೆ ಹಿಡಿ. ಎಲ್ಲಿಯವರೆಗೆ ತಡೆಯಬೇಕು, ಯಾವಾಗ ಹಿಡಿಯಬೇಕು, ಎರಡನ್ನೂ ಗೆರೆಯಾಚೆ ನಿಂತು ಅವಳೇ ಕೂಗುವಳು. ಎಡಮೂಲೆ ಕಾಯುವ ಮಂಜರಿಯಂತೂ ಕಣ್ಣಿಗಿಂತ ಆ ದನಿಯನ್ನೇ ಹೆಚ್ಚು ನಂಬಿದವಳು. ಶ್ರೀವಲ್ಲಭನದು ಇದಕ್ಕೆ ಪೂರಾ ಉಲ್ಟಾ: ಕಾಯಬೇಡ, ಮೈಮೇಲೆ ನುಗ್ಗು.

ಮೈದಾನ ತಪ್ಪಿದ ಮೇಲೆ ನಜಮಾಳಿಗೆ ಸಂಜೆಗಳು ಮುಗಿಯದಾದವು. ಅವ್ವ ತೀರಿಕೊಂಡಿದ್ದಳು, ಮದುವೆಯ ಮಾತು ಎಂದೋ ನಿಂತಿತ್ತು. ಒಬ್ಬಳಿಗೆ ಚಹಾ ಕಾಸಲು ಹೋಗಿ ಪಾತ್ರೆ ತುಂಬ ಕಾಸಿ ಚೆಲ್ಲುವಳು. ತಂಡ ಸೋತರೆ ತನ್ನನ್ನು ಕರೆದಾರು ಎಂಬ ಆಸೆ ಒಳಗೊಳಗೇ ಇತ್ತು. ತಂಡ ಸಿಂದಗಿಯಲ್ಲಿ ಗೆದ್ದಿತು, ಮುದ್ದೇಬಿಹಾಳದಲ್ಲೂ ಗೆದ್ದಿತು. ಯಾರೂ ಬಂದು ಹೇಳಲಿಲ್ಲ. ಪೇಪರಿನಲ್ಲಿ ಓದಿ ಅತ್ತಳು. ಅದು ಸಂತೋಷದ ಅಳುವೇನಲ್ಲ.

ಇಂಡಿಯಲ್ಲಿ ಫೈನಲ್. ಹೋಗುವುದಿಲ್ಲ ಎಂದು ಆಣೆ ಮಾಡಿಕೊಂಡವಳೇ ಬೆಳಗಿನ ಬಸ್ಸು ಹತ್ತಿ ಹೋಗಿ, ತಲೆತುಂಬ ಸೆರಗು ಹೊದ್ದು ಜನರ ನಡುವೆ ಕೂತಳು. ಅಂಕ ಸಮಸಮ. ಕೊನೆಯ ರೇಡಿಗೆ ಬಂದ ಎದುರಾಳಿ ಎಡಮೂಲೆಗೆ ತಿರುಗಿದಳು. ಮಂಜರಿ ನುಗ್ಗಲು ಕಾಲೆತ್ತಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ರೂಢಿಯ ಗುಣವೂ ಅಷ್ಟೇ. ನಜಮಾ ಎದ್ದು ನಿಂತು ಕೂಗಿಬಿಟ್ಟಳು.

"ತಡಿಯವ್ವಾ ಮಂಜರಿ!"

ಮಂಜರಿ ನಿಂತಳು. ಎದುರಾಳಿ ಅವಳ ಭುಜ ಮುಟ್ಟಿ ಓಡಿ ಗೆರೆ ದಾಟಿದಳು. ಆಟ ಮುಗಿಯಿತು, ಬಾಗೇವಾಡಿ ಸೋತಿತು.

ಎಲ್ಲರ ಬಾಯಲ್ಲೂ ಮಂಜರಿಯದೇ ತಪ್ಪು. ಆ ಹುಡುಗಿ ಯಾರ ಹೆಸರೂ ಎತ್ತದೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ನೋಡಲಾರದೆ ನಜಮಾ ಜನರನ್ನು ಸರಿಸಿಕೊಂಡು ಶ್ರೀವಲ್ಲಭನ ಎದುರು ಬಂದಳು.

"ಆಕಿಗಿ ಬೈಬ್ಯಾಡ್ರಿ. ಕೂಗಿದಾಕಿ ನಾನು."

"ನಿಮ್ಮ ದನಿ ಕೇಳಿತ್ರಿ ಅಕ್ಕಾರ," ಎಂದು ಮಂಜರಿ ಬಿಕ್ಕಿದಳು. "ಕಾಲು ಹಂಗ ನಿಂತಬಿಟ್ಟೂವು."

ಹುಡುಗಿಯರು ತನ್ನನ್ನು ಮರೆತಿಲ್ಲ ಎಂದು ಯಾರಾದರೂ ಒಮ್ಮೆ ಹೇಳಲಿ ಎಂದೇ ನಜಮಾ ಇಷ್ಟು ದಿನ ಹಂಬಲಿಸಿದ್ದಳು. ಈಗ ಮಂಜರಿಯೇ ಹೇಳಿದ್ದಳು.

ಶ್ರೀವಲ್ಲಭ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಇವರು ನಿಮ್ಮ ಮಾತು ಮೀರಂಗಿಲ್ರಿ ಅಕ್ಕಾರ. ಅದಕ್ಕ ಕೈ ಮುಗದು ಕೇಳತೇನಿ, ಇನ್ನ ಮ್ಯಾಲ ಆಟಕ್ಕ ಬರಬ್ಯಾಡ್ರಿ."

ಬಾಗೇವಾಡಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಆ ಮಾತಿನಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ.