ಕಸಾಯಿಖಾನೆಯ ಗ್ಯಾಸ್ ಮಾವ

ಕಸಾಯಿಖಾನೆಯ ಹಿಂದೆ, ಅಲ್ಲಿನ ಕಸದಿಂದ ಅಡುಗೆ ಗ್ಯಾಸ್ ಮಾಡುವ ತೊಟ್ಟಿಯನ್ನು ನೋಡಿಕೊಳ್ಳುವವನನ್ನು ಇಡೀ ಬೀದಿ ಗ್ಯಾಸ್ ಮಾವ ಎಂದೇ ಕರೆಯುತ್ತದೆ. ಮಾವನ ದಿನ ಶುರುವಾಗುವುದೇ ತೊಟ್ಟಿಗೆ ಕಿವಿಯಿಟ್ಟು. ಒಳಗೆ ಗುಳುಗುಳು ಸದ್ದಾದರೆ ಮುಖ ಅರಳುತ್ತದೆ. ಇಲ್ಲದಿದ್ದರೆ ಅವನಿಗೂ ತಿಂಡಿ ಸೇರುವುದಿಲ್ಲ. ಬರೀ ರಕ್ತ, ಕೊಬ್ಬು ಸುರಿದರೆ ತೊಟ್ಟಿಗೆ ಹುಳಿತೇಗು ಬರುತ್ತದಂತೆ. ಅದಕ್ಕೇ ಕುರಿಗಳ ಹೊಟ್ಟೆಯಿಂದ ತೆಗೆದ ಅರೆ ಕರಗಿದ ಮೇವು ಮೊದಲು, ಉಳಿದದ್ದು ಆಮೇಲೆ, ಎಳೆಗೂಸಿಗೆ ತುತ್ತು ಕೊಟ್ಟ ಹಾಗೆ. ಹನಿ ನೀರಿಗೂ ಬಾಯಿಬಿಡುವ ಆ ಒಣ ಊರಿನಲ್ಲಿ ತನ್ನ ಸ್ನಾನದ ಬಕೆಟ್ ನೀರನ್ನೂ ಅದಕ್ಕೇ ಸುರಿದು ಬರುತ್ತಾನೆ. "ನೀವು ಕಟ್ಕೊಂಡಿದ್ದು ನನ್ನನ್ನೋ, ಆ ತೊಟ್ಟೀನೋ?" ಎಂದು ಹೆಂಡತಿ ಮೂಗು ಮುಚ್ಚಿಕೊಂಡು ರೇಗುತ್ತಾಳೆ, ರೇಗುತ್ತಲೇ ಅದರ ಗ್ಯಾಸಿನಲ್ಲೇ ಚಹಾ ಕಾಯಿಸುತ್ತಾಳೆ. ಮಾವನ ತಲೆ ಕೆಟ್ಟದ್ದು ತೊಟ್ಟಿ ಪರೀಕ್ಷಿಸಲು ಇಂಜಿನಿಯರಮ್ಮ ಬಂದುಹೋದ ಮೇಲೆ. "ಕುರಿ ಹೊಟ್ಟೇಲಿ ಮೇವು ಕರಗಿಸೋ ಸೂಕ್ಷ್ಮಜೀವಿಗಳೇ ಇಲ್ಲೂ ಕೆಲಸ ಮಾಡ್ತಿರೋದು" ಎಂದಿದ್ದಳು ಆಕೆ. "ಹಾಗಾದ್ರೆ ಕುರಿ ಸತ್ತು, ಅದರ ಹೊಟ್ಟೆ ಮಾತ್ರ ಬದುಕಿದೆಯಾ?" ಎಂದು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಾನೆ. "ಹೋಗಿ ಚಹಾ ಕುಡಿ ಮಾವ" ಎನ್ನುತ್ತಾರೆ ಅವರು. ಕುಡಿಯೋಣವೆಂದರೆ ಲೋಟ ಕೈಯಲ್ಲೇ ತಣ್ಣಗಾಗುತ್ತದೆ. ಈ ತೊಟ್ಟಿ ಬರುವ ಮೊದಲು ಮಾವ ಕಸಾಯಿಖಾನೆಯೊಳಗೆ ಕತ್ತಿ ಹಿಡಿಯುತ್ತಿದ್ದವನು. ಪ್ರತಿಯೊಂದು ಕುರಿಯ ಕತ್ತು ಸವರಿ, "ಸುಮ್ನಿರು, ಏನೂ ಆಗಲ್ಲ" ಎಂದ ಮೇಲೇ ಕತ್ತಿ ಹಿಡಿದ ಅವನ ಬಲಗೈ ಏಳುತ್ತಿದ್ದದ್ದು. ಈಗ ತೊಟ್ಟಿ ಜೋರಾಗಿ ಗುಳುಗುಟ್ಟಿದರೆ ಎಡಗೈ ತಾನಾಗಿಯೇ ಅದರ ಬೆನ್ನು ಸವರುತ್ತದೆ, ಬಾಯಿಗೆ ಅದೇ ಮಾತು ಬರುತ್ತದೆ. ಹೇಳಿ ಮುಗಿಸಿದವನು ಬಲಗೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ನಿಜಕ್ಕೂ ಏನೂ ಆಗುವುದಿಲ್ಲವೇ ಎಂದು ಕಾಯುತ್ತಾ ನಿಂತುಬಿಡುತ್ತಾನೆ.