ಹೊಯ್ಗೆ ತುಂಬಿದ ಪವರ್ ಬ್ಯಾಂಕ್

ಬಾವಿಕಟ್ಟೆಯ ಹತ್ತಿರ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಕೂಗಿದಳು. "ಹ್ವಾಯ್, ಕೇಂಡ್ತಾ? ಮೊಬೈಲ್ ಅಂಗ್ಡಿಯವ್ರ್ ಹೋದ್ರಂಬ್ರ್. ಬೆಳಿಗ್ಗೆ ಎದಿನೋವ್ ಬಂದದ್ದಂಬ್ರ್."

ಅಯ್ಯೋ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಕೈಯಲ್ಲಿದ್ದ ಕತ್ತಿಯೂ ನಿಲ್ಲಲಿಲ್ಲ. ಮೀನಿನ ವಾಸನೆಯ ನಡುವೆ ಅವನ ಅಂಗಡಿಯ ಊದುಬತ್ತಿಯ ವಾಸನೆ ಮಾತ್ರ ಎಲ್ಲಿಂದಲೋ ಬಂದ ಹಾಗಾಯಿತು...

ಒಳ್ಳೆಯದನ್ನೂ ಹೇಳಬೇಕು, ದೇವರು ನೋಡುತ್ತಾನೆ. ಕಡಲ ಬದಿಯ ನಮ್ಮ ಕೋಡಿಯ ಹೆಂಗಸರಿಗೆ ಫೋನು ಹಿಡಿಯಲು ಕಲಿಸಿದವನು ಅವನೇ. ನಾನು ಹೋದರೆ, "ಹ್ವಾಯ್ ಅಕ್ಕ, ಇವತ್ ಎಂತ ಒತ್ತಿ ಹಾಳ್ ಮಾಡ್ಕಂಡ್ ಬಂದ್ರಿ?" ಎಂದು ನಗಿಸುತ್ತಿದ್ದ.

ನನ್ನ ಗಂಡ ಸಣ್ಣ ದೋಣಿಯಲ್ಲಿ ಒಬ್ಬರೇ ಕಡಲಿಗೆ ಹೋಗುತ್ತಿದ್ದರು. ಅವರ ಫೋನಿನ ಚಾರ್ಜು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಪವರ್ ಬ್ಯಾಂಕ್ ಬೇಕೆಂದು ಅವನಲ್ಲಿ ಕೇಳಿದ್ದು ನಾನೇ. ಅಂಗೈ ಮೇಲಿಟ್ಟ. ಭಾರವಿತ್ತು. "ಭಾರ ಇದ್ದಷ್ಟ್ ಚಾರ್ಜ್ ಜಾಸ್ತಿ ಅಕ್ಕ. ಎರಡ್ ದಿನ ಕಡ್ಲಿಗ್ ಹೋದ್ರೂ ಹೆದ್ರಿಕಿ ಇಲ್ಲೆ," ಎಂದ. ಕಿವಿರು ಎತ್ತಿ ನೋಡದೆ ಒಂದು ಮೀನೂ ಕೊಳ್ಳದ ನಾನು, ಬರೀ ತೂಕ ನೋಡಿ ನಂಬಿದೆ.

ಕೊಂಡ ನಾಲ್ಕನೆಯ ದಿನ ನಡುಗಡಲಲ್ಲಿ ಇಂಜಿನ್ ಕೆಟ್ಟಿತು. ಫೋನೂ ಸತ್ತಿತ್ತು. ವಯರು ಸಿಕ್ಕಿಸಿದರೆ ನೀಲಿ ದೀಪ ಹತ್ತಿತಂತೆ, ಅಷ್ಟೇ. ನಾನು ಇಲ್ಲಿಂದ ಫೋನು ಮಾಡಿದಷ್ಟು ಸಲವೂ ಸ್ವಿಚ್ ಆಫ್. ಮರುದಿನ ಸಂಜೆ ಬೈಂದೂರು ಕಡೆಯ ಬೋಟಿನವರು ಎಳೆದು ತಂದರು. ಕುಡಿಯುವ ನೀರು ಮುಗಿದಿರಲಿಲ್ಲ, ಗಾಳಿ ಏಳಲಿಲ್ಲ. ಅದೆಲ್ಲ ದೇವರ ದಯೆ. ಆದರೆ ದೋಣಿ ಅಂದಿನಿಂದ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿದೆ. ಅಲೆಯ ಹತ್ತಿರ ಹೋದರೆ ಸಾಕು, ಇವರು ಬೆವರುತ್ತಾರೆ.

ಆ ಪವರ್ ಬ್ಯಾಂಕನ್ನು ಒಡೆದು ನೋಡಿದೆವು. ಒಳಗೆ ಬೆರಳುದ್ದದ ಒಂದು ಬ್ಯಾಟರಿ. ಉಳಿದದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮರಳು, ನಮ್ಮ ಅಂಗಳದಲ್ಲೇ ಬಿದ್ದಿರುವ ಹೊಯ್ಗೆ! ಹತ್ತು ಜನರ ಎದುರು ಅವನ ಮೇಜಿನ ಮೇಲೆ ಸುರಿದೆ.

"ಕೋಡಿಯವ್ರಿಗೇ ಹೊಯ್ಗಿ ಮಾರ್ದ್ಯಲ್ಲ ಮರಾಯಾ!"

"ಕಂಪ್ನಿ ಮಾಲ್ ಅಕ್ಕ, ಒಳ್ಗ್ ಎಂತ ಇತ್ತಂತ ನಂಗೆಂತ ಗೊತ್ತ್?" ಎಂದ. ಮುಖ ಎತ್ತಲಿಲ್ಲ. ಆದರೆ ಅದನ್ನೇ ಯಾರೋ ಮೊದಲೊಮ್ಮೆ ಕೊಂಡು, ಚಾರ್ಜು ಆಗುವುದಿಲ್ಲವೆಂದು ಹಿಂದೆ ಕೊಟ್ಟಿದ್ದರು. ಆಮೇಲೆ ಅವನ ಹೆಂಡತಿಯೇ ಬಾಯಿತಪ್ಪಿ ನನ್ನ ಹತ್ತಿರ ಆಡಿದಳು.

ದೈವದ ಎದುರು ಕಾಯಿ ಇಟ್ಟು ದೂರು ಕೊಟ್ಟೆ. ಹಾಗೆ ಕೊಟ್ಟ ಮೇಲೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ತಪ್ಪು ಒಪ್ಪಿಕೊಂಡರೆ ಮಾತ್ರ ಬಿಡುಗಡೆ, ಇಲ್ಲದಿದ್ದರೆ ದೈವದ ಸಿಟ್ಟು ಮಕ್ಕಳ ಮೇಲೂ ಬರುತ್ತದೆ. ಮೂರು ವರ್ಷ ಕಾದೆ. ಎದುರು ಸಿಕ್ಕರೆ ರಸ್ತೆ ದಾಟಿ ಹೋಗುತ್ತಿದ್ದ... ಅವನ ವ್ಯಾಪಾರ ಇಳಿಯಿತೆಂದು ಕೇಳಿದ ದಿನ ದೇವರ ದೀಪಕ್ಕೆ ಎರಡು ಬತ್ತಿ ಹೆಚ್ಚು ಹಾಕಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಅಕ್ಕ ಬೇಲಿ ಬಿಟ್ಟು ಹೋಗಿರಲಿಲ್ಲ. "ಅವ್ರ್ ಹೆಂಡ್ತಿ ಹೇಳಿ ಕಳ್ಸಿದ್ಳ್. ದೂರ್ ಬಿಡ್ಸ್ಕಂಬುಕೆ ಬತ್ಳಂಬ್ರ್. ಮಕ್ಕಳ್ ಮೇಲ್ ಬಪ್ಪುದ್ ಬ್ಯಾಡ ಅಂತ."

"ಸೂತ್ಕ ಕಳೀಲಿ. ದೈವದ ಎದ್ರಿಗ್ ನಿಂತ್, ಗೊತ್ತಿದ್ದೇ ಕೊಟ್ಟದ್ದ್ ಅಂತ ಬಾಯ್ ಬಿಟ್ಟ್ ಹೇಳ್ಲಿ. ಆಮೇಲ್ ಕಾಂಬ."

"ಸತ್ತವ್ರ್ ಮೇಲ್ ಇನ್ನೆಂತ ಸಿಟ್ಟೇ, ಮಾರಾಯ್ತಿ?"

ಕೊನೆಯ ಮೀನು ಕೊಯ್ದು ಪಾತ್ರೆಗೆ ಹಾಕಿದೆ. ಅವನ ಹೆಂಡತಿ ಹೇಳಿದರೆ ದೂರು ಬಿಟ್ಟೇನು. ಮಕ್ಕಳು ಏನು ಮಾಡಿದ್ದಾವೆ, ಪಾಪ. ಆದರೆ ನನಗೆ ಬೇಕಿದ್ದ ಮಾತು ಅವನ ಬಾಯಲ್ಲಿತ್ತು. ನನ್ನನ್ನು ಅಷ್ಟು ನಗಿಸಿದ ಬಾಯಿ... ಇನ್ನು ಅದು ಬೂದಿ. ಮೂರು ವರ್ಷ ಕಾದದ್ದನ್ನು ಅವನು ಜೊತೆಗೇ ತೆಗೆದುಕೊಂಡು ಹೋದ.

ಕೈ ತೊಳೆದು ಒಳಗೆ ಹೋಗಿ, ಮೆಣಸು ಹುರಿಯಲು ಬಾಣಲೆ ಇಟ್ಟೆ.