ಸುಗಲಾಬಾಯಿ ಕೇಳಿದ್ದ ಪರೀಕ್ಷೆ

ನೌಕರಿಗೆ ಸೇರಿದ ಮೊದಲ ದಿನವೇ ನಾನು ಕೋರ್ಟಿನ ಫೈಲು ಹಿಡಿದುಕೊಂಡು ಸೊಲ್ಲಾಪುರದ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆ. ವಕೀಲೆ ಮಂದಾಕಿನಿಬಾಯಿ ಮರಾಠಿಯಲ್ಲಿ, ‘ಇದನ್ನು ಗ್ರಾಹಕ ಮಂಚದಲ್ಲಿ ಕೊಟ್ಟು ಬಾ’ ಅಂದಿದ್ದರು. ಅಕ್ಕಲಕೋಟ ತಾಲೂಕಿನ ಕನ್ನಡ ಸಾಲಿಯಲ್ಲಿ ಕಲಿತ ನನಗೆ ಮಂಚ ಅಂದರೆ ಮಲಗುವ ಮಂಚವೇ. ಅಂಗಡಿಯವನು ಫೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಕಾಗದ ಇರ್ಲಿ ತಮ್ಮಾ, ಸಿಂಗಲ್ ಬೇಕೋ ಡಬಲ್ ಬೇಕೋ ಹೇಳು’ ಅಂದ. ಗಿರಾಕಿಗಳ ತಕರಾರು ಕೇಳುವ ನ್ಯಾಯಪೀಠಕ್ಕೆ ಮರಾಠಿಯಲ್ಲಿ ಗ್ರಾಹಕ ಮಂಚ ಎನ್ನುತ್ತಾರೆ ಎಂದು ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇಂಥ ಜಾಣ ಟೈಪಿಸ್ಟನಿಗೂ ಮಂದಾಕಿನಿಬಾಯಿ ತಿಂಗಳಾ ಪಗಾರ ಕೊಟ್ಟರು.

ಆ ಫೈಲು ಸುಗಲಾಬಾಯಿಯದು. ಅಕ್ಕಲಕೋಟದ ಒಂದು ಖಾನಾವಳಿಯಲ್ಲಿ, ದರ್ಶನಕ್ಕೆ ಬಂದವರಿಗೆ ರೊಟ್ಟಿ ಬಡಿಯುವವಳು. ಗಂಡ ಭೀಮಣ್ಣ ಅವಳ ಸೋದರಮಾವನೇ. ಕುರಿ ಹಿಂಡಿನ ಬೆನ್ನು ಹತ್ತಿ ವರ್ಷದ ಅರ್ಧ ಊರಾಚೆ ಇರುತ್ತಿದ್ದ. ಅವರ ಮೊದಲ ಮಗ ಪೀರಪ್ಪನಿಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ರೋಗ, ತಂದೆ ತಾಯಿ ಇಬ್ಬರಿಂದಲೂ ಇಳಿದು ಬರುವಂಥದ್ದು. ಮೂರು ವಾರಕ್ಕೊಮ್ಮೆ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ತಂದು ರಕ್ತ ಹಾಕಿಸಿದರೂ ಹುಡುಗ ಐದು ವರ್ಷಕ್ಕಿಂತ ಹೆಚ್ಚು ಉಳಿಯಲಿಲ್ಲ.

ಮತ್ತೆ ಬಸುರಾದಾಗ ಮೂರನೇ ತಿಂಗಳಲ್ಲೇ ಅವಳು ಸೊಲ್ಲಾಪುರದ ಡಾಕ್ಟರೊಬ್ಬರ ಮೇಜಿನ ಮೇಲೆ ಪೀರಪ್ಪನ ಕಾಗದಗಳನ್ನೆಲ್ಲ ಹರವಿದ್ದಳು. ‘ಇದಕ್ಕೂ ಅದೇ ಅದ ಏನ್ ನೋಡ್ರಿ’ ಅಂದಿದ್ದಳು. ಹೊಟ್ಟೆಯಲ್ಲಿರುವಾಗಲೇ ಅದನ್ನು ತಿಳಿಯುವ ಪರೀಕ್ಷೆ ಮುಂಬಯಿಯಲ್ಲಿತ್ತು. ಡಾಕ್ಟರು ಅಲ್ಲಿಗೆ ಕಳಿಸಲಿಲ್ಲ. ಸೋನೋಗ್ರಫಿ ಮಾಡಿ ‘ಎಲ್ಲಾ ನಾರ್ಮಲ್’ ಅಂದರು. ಸೋನೋಗ್ರಫಿಯಲ್ಲಿ ಈ ರೋಗ ಕಾಣುವುದಿಲ್ಲ ಎಂದು ಅವಳಿಗೇನು ಗೊತ್ತು? ಖಾನಾವಳಿಯಲ್ಲಿ ಪೇಢೆ ಹಂಚಿದಳು. ಹುಟ್ಟಿದ ದೀಪಾಲಿ ಎಂಟು ತಿಂಗಳಾಗುವಷ್ಟರಲ್ಲಿ ಬಿಳಿಚಿಕೊಂಡಳು.

ಡಾಕ್ಟರರ ಮೇಲೂ ಗ್ರಾಹಕ ಮಂಚಕ್ಕೆ ಹೋಗಬಹುದು ಎಂದು ದೊಡ್ಡ ಕೋರ್ಟು ಆಗಷ್ಟೇ ಹೇಳಿತ್ತು. ಮಗಳ ರಕ್ತ, ಔಷಧದ ಖರ್ಚನ್ನು ಡಾಕ್ಟರೇ ಹೊರಬೇಕೆಂದು ಸುಗಲಾಬಾಯಿಯ ಅರ್ಜಿ. 1997ರಲ್ಲಿ ಎದುರು ಕಡೆಯಿಂದ ಉತ್ತರ ಬಂತು: ಹೊಟ್ಟೆಯಲ್ಲಿದ್ದಾಗಲೇ ರೋಗ ತಿಳಿದಿದ್ದರೂ ಈಕೆ ಹೇಗೂ ಈ ಮಗುವನ್ನು ಹೆರುತ್ತಿದ್ದಳು, ಅಂದ ಮೇಲೆ ಡಾಕ್ಟರರಿಂದ ಆದ ನಷ್ಟವೇನು?

‘ಇದಕ್ಕೆ ಅವಳ ಉತ್ತರ ಪ್ರಮಾಣಪತ್ರದಲ್ಲಿ ಬೇಕು. ಇಲ್ಲದಿದ್ದರೆ ಕೇಸು ಬಿತ್ತು’ ಅಂದರು ಮಂದಾಕಿನಿಬಾಯಿ. ‘ಇಂಥದ್ದನ್ನು ಅವಳ ಭಾಷೆಯಲ್ಲೇ ಕೇಳಬೇಕು. ನೀನೇ ಕೇಳು.’ ಅಂದರೆ ಅವರಿಗೂ ಧೈರ್ಯವಿರಲಿಲ್ಲ.

ಅವತ್ತು ಸುಗಲಾಬಾಯಿ ದೀಪಾಲಿಗೆ ರಕ್ತ ಹಾಕಿಸಿಕೊಂಡು ನೇರ ಆಸ್ಪತ್ರೆಯಿಂದ ಬಂದಿದ್ದಳು. ಮೂರು ವರ್ಷದ ಹುಡುಗಿ, ಕೈಗೆ ಪಟ್ಟಿ, ತಾಯಿಯ ತೊಡೆಯ ಮೇಲೆ ಬಿಸ್ಕೀಟು ತಿನ್ನುತ್ತಿದ್ದಳು.

‘ಏನ್ ಮಂಚದ ಸಾಹೇಬ್ರ, ಟೈಪ್ ಮಾಡೂದು ಬಿಟ್ಟು ನನ್ನ ಮಾರಿ ನೋಡಾಕತ್ತೀರಿ?’ ಅಂದಳು. ನನ್ನ ಕಥೆ ಅವಳಿಗೂ ಮುಟ್ಟಿತ್ತು.

‘ಅಕ್ಕಾರ, ಆವಾಗ ತಿಳದಿದ್ರ… ಏನರ ಬ್ಯಾರೆ ವಿಚಾರ ಮಾಡ್ತಿದ್ರೇನು?’

‘ಯಾವ ವಿಚಾರ?’

‘ಅಂದ್ರ, ಡಾಕ್ಟರ್ ಹೇಳಿದ್ರ ಮುಂಬಯಿಗೆ ಹೋಗ್ತಿದ್ರೇನು ಅಂತ.’

‘ಹೋಗ್ತಿದ್ದೆ. ಇಷ್ಟ್ ಕೇಳಾಕ ಹಿಂಗ್ಯಾಕ ಬೆವತೀದಿ?’

ಮಂದಾಕಿನಿಬಾಯಿಗೆ ಕನ್ನಡ ಬಾರದು. ಆದರೆ ನಾನು ತಪ್ಪಿಸಿಕೊಳ್ಳುತ್ತಿದ್ದುದು ಗೊತ್ತಾಯಿತು. ‘ನೆಟ್ಟಗೆ ಕೇಳು’ ಅಂದರು.

‘ಹುಡುಗಿನ್ನ ಸ್ವಲ್ಪ ಹೊರಗ ಕುಂದ್ರಸ್ಲೇನ್ರಿ?’ ಅಂದೆ.

‘ಸೂಜಿ ಚುಚ್ಚಿದ ದಿನ ಆಕಿ ನನ್ನ ಬಿಟ್ಟು ಇಳ್ಯಾಂಗಿಲ್ಲ. ಕೇಳು ನೀ.’

ಟೈಪ್‌ರೈಟರ್ ಮೇಲೆ ಕಣ್ಣಿಟ್ಟು ಕೇಳಿದೆ. ‘ರೋಗ ಅದ ಅಂತ ಗೊತ್ತಾಗಿದ್ರ ಈಕಿನ್ನ ತೆಗಸ್ತಿದ್ರೇನು, ಅಕ್ಕಾರ?’

ಅವಳು ದೀಪಾಲಿಯ ಗದ್ದಕ್ಕೆ ಅಂಟಿದ ಬಿಸ್ಕೀಟಿನ ಪುಡಿ ಒರೆಸಿದಳು.

‘ತೆಗಸ್ತಿದ್ದೆ. ಪೀರಪ್ಪಗ ಮಣ್ಣು ಕೊಟ್ಟು ಬಂದಾಕಿ ನಾ. ಬರಕೋ.’